ಪ್ಲಾಸ್ಟರ್ ಗಟ್ಟಿಯಾಗುವ ಹೊತ್ತು

"ಎಲ್ಲಿ ಹಾಕಿಸ್ಕೊಂಡಿದ್ರಿ ಇದನ್ನ? ಕಿತ್ತು ಹಾಕಿ ಇಲ್ಲಿಗೆ ಬಂದ್ರಾ?"

ಮೂಳೆ ಆಸ್ಪತ್ರೆಯ ಪ್ಲಾಸ್ಟರ್ ರೂಮಿನಲ್ಲಿ ಅವನು ಅವಳಿಗೆ ಆಡಿದ ಮೊದಲ ಮಾತು ಇದು. ಮೊದಲ ಮಾತು ಇನ್ನೂ ಸ್ವಲ್ಪ ಚೆನ್ನಾಗಿರಬಹುದಿತ್ತು ಎಂದು ಆಮೇಲೆ ಎಷ್ಟೋ ಸಲ ಕೈ ಕೈ ಹಿಸುಕಿಕೊಂಡದ್ದುಂಟು. ಆದರೆ ಅವನದೇನು ತಪ್ಪು? ಅವಳ ಬಲಗೈ ಮಣಿಕಟ್ಟು ಊದಿಕೊಂಡು ಒಂದು ಕಡೆ ವಾಲಿತ್ತು. ಉಗುರಿನ ಸಂದಿಯಲ್ಲಿ, ತೋಳಿನ ಮಡಿಕೆಯಲ್ಲಿ, ಕಿವಿಯ ಹಿಂದಿನ ಕೂದಲಲ್ಲಿ ಒಣಗಿದ ಪ್ಲಾಸ್ಟರ್ ಅಂಟಿಕೊಂಡಿತ್ತು. ಬೇರೆ ಯಾರೋ ಅರೆಬರೆ ಕೆಲಸ ಮಾಡಿ ಕಳಿಸಿದ್ದಾರೆ ಎಂದು ಯಾರಿಗಾದರೂ ಅನ್ನಿಸುತ್ತಿತ್ತು.

ನೋವಿಗೆ ಕಣ್ಣು ತುಂಬಿಕೊಂಡಿದ್ದರೂ ಅವಳು ತಲೆ ಎತ್ತಿ ಅವನನ್ನು ನೋಡಿದಳು. "ಇದು ನನಗೆ ಹಾಕಿದ್ದಲ್ಲ. ನಾನು ಹಾಕಿದ್ದು."

"ಯಾರಿಗೆ?"

"ಚಾವಣಿಗೆ."

ಜೊತೆಗೆ ಬಂದಿದ್ದ ಚಿಕ್ಕಮ್ಮ ಬೆಂಚಿನ ಮೇಲಿಂದ ಮಧ್ಯೆ ಬಾಯಿ ಹಾಕಿದರು. "ಹಳೇ ಥಿಯೇಟರ್ ಇದೆಯಲ್ಲಪ್ಪ, ಅದರ ಚಾವಣಿಯ ದೊಡ್ಡ ಪ್ಲಾಸ್ಟರ್ ಹೂವು ಉದುರಿ ಹೋಗಿತ್ತು. ನಮ್ಮ ಪುಟ್ಟಿ ಅಚ್ಚು ಹೊಯ್ಯೋ ಕೆಲಸದವಳು, ಅದನ್ನ ಮತ್ತೆ ಮಾಡ್ತಿದ್ದಾಳೆ. ಏಣಿಯಿಂದ ಬಿದ್ದಿದ್ರೆ ನಾಲ್ಕು ಜನಕ್ಕೆ ಹೇಳ್ಕೊಳ್ಳೋಕಾದ್ರೂ ಚೆನ್ನಾಗಿರ್ತಿತ್ತು. ಇವಳು ಸಪಾಟು ನೆಲದ ಮೇಲೆ ಜಾರಿ ಬಿದ್ಲು."

"ಚಿಕ್ಕಮ್ಮ!" ಎಂದಳು ಮೂವತ್ತೆರಡು ವರ್ಷದ ಪುಟ್ಟಿ.

ಅವನಿಗೆ ನಗು ಬಂತು. ತಡೆದುಕೊಂಡು ಬಕೆಟ್ಟಿಗೆ ಬೆಚ್ಚಗಿನ ನೀರು ಬಿಟ್ಟ. ಹದಿನಾಲ್ಕು ವರ್ಷದಿಂದ ಆ ರೂಮಿನಲ್ಲಿ ಅವನದೇ ಕಾರುಬಾರು. ಪಟ್ಟಿ ಅದ್ದಿ, ಸುತ್ತಿ, ಮೂಳೆ ಜಾರದಂತೆ ಅಂಗೈಯಲ್ಲಿ ಒತ್ತಿ ಹಿಡಿದು, ಮೂರೇ ನಿಮಿಷಕ್ಕೆ 'ಹೂಂ, ಆಯ್ತು, ಮುಂದಿನವರು' ಎನ್ನುತ್ತಿದ್ದ. ಅದಕ್ಕೇ ಆಸ್ಪತ್ರೆಯಲ್ಲಿ ಅವನಿಗೆ 'ಮೂರು ನಿಮಿಷ' ಎಂದೇ ಹೆಸರು. ಮೂವತ್ತಾರು ತುಂಬಿದರೂ ಮದುವೆಯಾಗಿರಲಿಲ್ಲ. ಅದರಲ್ಲಿ ಮಾತ್ರ ಇಷ್ಟೊಂದು ನಿಧಾನ ಯಾಕೆ ಎಂದು ನರ್ಸುಗಳು ಕಾಲೆಳೆಯುತ್ತಿದ್ದರು.

ಮೂಳೆ ಡಾಕ್ಟರ್ ಬಂದರು. ಎತ್ತರದ, ಕಡಿಮೆ ಮಾತಿನ ಹೆಂಗಸು. ಇಂಜೆಕ್ಷನ್ ಕೊಟ್ಟು, ಕೈ ಎಳೆದು, ಮೂಳೆ ಕೂರಿಸಿ, "ಹಿಡೀರಿ" ಎಂದರು. ಅವನು ಅದ್ದಿದ ಪಟ್ಟಿಯನ್ನು ಮಡಿಸಿ ಅವಳ ಕೈಯ ಕೆಳಗಿಟ್ಟು, ಎರಡೂ ಅಂಗೈಯಲ್ಲಿ ಒತ್ತಿ ಹಿಡಿದ.

"ಈಗ ಬಿಸಿ ಆಗುತ್ತೆ. ಸುಡ್ತಿದೆ ಅಂತ ಎಲ್ಲರೂ ಕಿರುಚ್ತಾರೆ. ಹೆದರ್ಕೋಬೇಡಿ."

"ಗೊತ್ತು." ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಒಂದು ನಿಮಿಷಕ್ಕೆ ಅವಳ ಮುಖ ನಿಧಾನವಾಗಿ ಸಡಿಲವಾಯಿತು. "ಹಾ... ಬಂತು. ಒಲೆ ಬಿಸಿ."

"ಯಾವ ಒಲೆ?"

"ಕಲ್ಲನ್ನ ಬೇಯಿಸಿದ ಒಲೆ. ನಿಮಗೆ ಗೊತ್ತಿಲ್ವಾ?" ಅವಳು ಕಣ್ಣು ತೆರೆದಳು. ನೋವು ಮರೆತು ಹೇಳತೊಡಗಿದಳು. "ಭೂಮಿಯಿಂದ ತೆಗೆದಾಗ ಇದು ಕಲ್ಲು. ಕಲ್ಲಿನೊಳಗೇ ನೀರಿರುತ್ತೆ, ನಮ್ಮ ಕಣ್ಣಿಗೆ ಕಾಣಲ್ಲ. ಬಿಸಿ ಮಾಡಿ ಆ ನೀರನ್ನ ಓಡಿಸ್ತಾರೆ. ಆಗ ಪುಡಿ ಆಗುತ್ತೆ. ಆ ಪುಡಿ ವರ್ಷಗಟ್ಟಲೆ ಮೂಟೆಯೊಳಗೆ ಸುಮ್ನೆ ಕೂತಿರುತ್ತೆ. ಕಳ್ಕೊಂಡ ನೀರು ಸಿಕ್ಕಿದ್ದೇ ತಡ, ಮತ್ತೆ ಕಲ್ಲಾಗುತ್ತೆ. ಕಲ್ಲಾಗೋವಾಗ ಅವತ್ತು ಒಲೆ ಕೊಟ್ಟ ಬಿಸೀನ ವಾಪಸ್ ಕೊಡುತ್ತೆ. ಈಗ ನಮ್ಮಿಬ್ಬರ ಕೈಗೆ ತಾಗ್ತಿರೋದು ಅದೇ."

ಅವನು ತನ್ನ ಕೈಗಳನ್ನೇ ನೋಡಿದ. ಹದಿನಾಲ್ಕು ವರ್ಷದಲ್ಲಿ ಎಷ್ಟು ಸಾವಿರ ಕೈಕಾಲು ಹಿಡಿದಿದ್ದನೋ ಲೆಕ್ಕವಿಲ್ಲ. ಪ್ರತಿ ಸಲವೂ ಈ ಬಿಸಿ ಅಂಗೈಗೆ ತಾಗಿತ್ತು. ಇದೆಲ್ಲಿಂದ ಬರುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಯಾವುದೋ ಬೆಟ್ಟದ ಹೊಟ್ಟೆಯಲ್ಲಿದ್ದ ಕಲ್ಲು, ಯಾವುದೋ ಒಲೆಯ ಬೆಂಕಿ, ಇಷ್ಟು ದೂರ ಬಂದು ಈ ರೂಮಿನಲ್ಲಿ, ಇವಳ ಕೈಯ ಸುತ್ತ ಬೆಚ್ಚಗಾಗುತ್ತಿದೆ.

"ಗಟ್ಟಿಯಾಗಿ ಎಷ್ಟೋ ಹೊತ್ತಾಯ್ತು ಕಣ್ರೀ," ಎಂದರು ಡಾಕ್ಟರ್. "ಬಿಡಿ ಇನ್ನು."

ಅವನು ಗಾಬರಿಯಲ್ಲಿ ಕೈ ತೆಗೆದ. ಗೋಡೆಯ ಗಡಿಯಾರ ನೋಡಿದರೆ ಆರು ನಿಮಿಷವಾಗಿತ್ತು.

*

ಆ ವಾರ ಊಟದ ಬಿಡುವಿನಲ್ಲಿ ಅವನು ಕ್ಯಾಂಟೀನಿಗೆ ಹೋಗಲಿಲ್ಲ. ರೂಮಿನ ಬಾಗಿಲು ಹಾಕಿಕೊಂಡು ಮೂರು ಬೋಗುಣಿಯಲ್ಲಿ ನೀರಿಟ್ಟ. ಒಂದರಲ್ಲಿ ನಲ್ಲಿಯ ತಣ್ಣೀರು, ಒಂದರಲ್ಲಿ ಬೆಚ್ಚಗಿನದು, ಇನ್ನೊಂದರಲ್ಲಿ ಬೆಳಗಿನಿಂದ ಪಟ್ಟಿ ಅದ್ದಿ ಅದ್ದಿ ಬೆಳ್ಳಗಾದ ನೀರು. ಒಂದೇ ಅಳತೆಯ ತುಂಡುಗಳನ್ನು ಅದ್ದಿ, ಹಿಂಡಿ, ಸಾಲಾಗಿ ಇಟ್ಟು ವಾಚು ನೋಡುತ್ತ ಕೂತ.

ಬಿಸಿ ನೀರಿನಲ್ಲಿ ಬೇಗ, ಹಳೆಯ ನೀರಿನಲ್ಲಿ ಬೇಗ ಎಂಬುದು ಅವನ ಕೈಗೆ ಗೊತ್ತಿದ್ದದ್ದೇ. ಕೈಗೆ ಗೊತ್ತಿದ್ದದ್ದನ್ನು ಕಣ್ಣಾರೆ ನೋಡಿದ್ದು ಮೊದಲ ಸಲ. ಬೆಚ್ಚಗಿನ ನೀರಿನ ತುಂಡು ಮೂರು ನಿಮಿಷಕ್ಕೆ ಗಟ್ಟಿಯಾಗಿ, ಉಗುರಿನಿಂದ ತಟ್ಟಿದರೆ ಟಕ್ ಎಂದಿತು. ಬೆಳ್ಳಗಿನ ನೀರಿನದು ಅದಕ್ಕೂ ಮೊದಲು. ತಣ್ಣೀರಿನದು ಎಂಟು ನಿಮಿಷದವರೆಗೆ ಮೆತ್ತಗೇ ಇತ್ತು. ಅದೇ ಪುಡಿ, ಅದೇ ನೀರು. ಒಂದಿಷ್ಟು ಬಿಸಿ ಹೆಚ್ಚುಕಡಿಮೆಯಾದರೆ ಕಾಲವೇ ಹಿಗ್ಗುತ್ತದೆ, ಕುಗ್ಗುತ್ತದೆ. ಇಷ್ಟು ವರ್ಷ ಬರೀ ಬಕೆಟ್ಟು ಎಂದುಕೊಂಡಿದ್ದ. ಆ ದಿನ ಅದರ ಮುಂದೆ ದೇವರ ಮುಂದೆ ನಿಂತವನ ಹಾಗೆ ನಿಂತ.

ಮುಂದಿನ ಮಂಗಳವಾರ ಅವಳು ಬರುವವಳಿದ್ದಳು. ಅವನು ಬೆಳಿಗ್ಗೆಯಿಂದ ಮೂರು ಸಲ ಕನ್ನಡಿ ನೋಡಿಕೊಂಡಿದ್ದ. ಅವಳು ಬಂದಾಗ ಮಾತ್ರ ಫೈಲು ಹುಡುಕುವವನಂತೆ ನಟಿಸಿದ.

ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿ ಕೂತಿತ್ತು. ಊತ ಇಳಿದಿತ್ತು. "ಅರ್ಧ ಪಟ್ಟಿ ತೆಗೆದು ಪೂರ್ತಿ ಪ್ಲಾಸ್ಟರ್ ಸುತ್ತಿ" ಎಂದು ಹೇಳಿ ಡಾಕ್ಟರ್ ವಾರ್ಡಿಗೆ ಹೋದರು. ಚಿಕ್ಕಮ್ಮ ಕ್ಯಾಂಟೀನಿನಿಂದ ಮೂರು ಲೋಟ ಕಾಫಿ, ಸಕ್ಕರೆ ಪೊಟ್ಟಣ ತಂದು ಮೇಜಿನ ಮೇಲಿಟ್ಟರು.

"ನಿಮ್ಮ ಪುಡಿ ತುಂಬಾ ನುಣುಪು," ಎಂದಳು ಅವಳು, ಎಡಗೈಯಿಂದ ಪಟ್ಟಿಯ ಸುರುಳಿ ಮುಟ್ಟಿ. "ನುಣುಪಾದಷ್ಟೂ ನೀರಿಗೆ ಬೇಗ ಸಿಗುತ್ತೆ. ನಮ್ಮದು ಸ್ವಲ್ಪ ಒರಟು. ಅದಕ್ಕೇ ನಮಗೆ ಅವಸರ ಕಡಿಮೆ."

"ಕಲಕಿದ್ರೆ?"

"ಜಾಸ್ತಿ ಕಲಕಿದಷ್ಟೂ ಬೇಗ ಬಿಗಿಯುತ್ತೆ. ಹೊಸದಾಗಿ ಕೆಲಸಕ್ಕೆ ಬಂದವರು ಗಂಟು ಹೋಗ್ಲಿ ಅಂತ ಕಲಕ್ತಾನೇ ಇರ್ತಾರೆ. ಕೋಲು ಬಕೆಟ್ಟಲ್ಲೇ ನಿಂತ್ಕೊಳ್ಳುತ್ತೆ." ಅವಳು ಅವನನ್ನು ಓರೆಗಣ್ಣಿನಿಂದ ನೋಡಿದಳು. "ಏನು, ಬಕೆಟ್ ಬಗ್ಗೆ ಇಷ್ಟೊಂದು ಆಸಕ್ತಿ?"

"ನೀವೇ ಹಚ್ಚಿದ್ದು."

ಅವಳು ನಕ್ಕಳು. ನಗುವಾಗ ಅವಳ ಎಡಗೆನ್ನೆಯಲ್ಲಿ ಮಾತ್ರ ಒಂದು ಗುಳಿ ಬೀಳುತ್ತಿತ್ತು. ಬಲಗೆನ್ನೆಯ ಪಾಲು ಎಲ್ಲಿ ಹೋಯಿತೋ! ಅದನ್ನೇ ಯೋಚಿಸುತ್ತ ಅವನು ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟ. ಅವನ ಕೈ ಎಂದಿನಂತೆ ಬಿಸಿನೀರಿನ ನಲ್ಲಿಯ ಕಡೆ ಹೋಯಿತು. ಅಲ್ಲಿ ಒಂದು ಕ್ಷಣ ತಡೆಯಿತು. ಆಮೇಲೆ ತಣ್ಣೀರಿನ ನಲ್ಲಿ ತಿರುಗಿಸಿತು.

ಮೂರು ನಿಮಿಷದ ಬದಲು ಎಂಟು. ಐದು ನಿಮಿಷ ಹೆಚ್ಚಿಗೆ ಅವಳ ಕೈ ಹಿಡಿದಿರಬಹುದು. ತಾನು ಅಲುಗದೆ ಹಿಡಿದರಾಯಿತು, ಯಾರ ಗಂಟೇನು ಹೋಗುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಬಕೆಟ್ಟು ಮೇಜಿನ ಪಕ್ಕ ಇಟ್ಟು ಒಳಕೋಣೆಯಿಂದ ಹತ್ತಿ ತರಲು ಹೋದ. ಬಂದಾಗ ಅವಳು ಬಹಳ ಸಂಭಾವಿತಳಂತೆ ಕೂತಿದ್ದಳು.

ಪಟ್ಟಿ ಸುತ್ತಿದ. ಹಿಡಿದ.

ಒಂದು ನಿಮಿಷ ಇಬ್ಬರೂ ಗೋಡೆ ನೋಡಿದರು. ಎರಡನೆಯ ನಿಮಿಷ ಅವಳು ಅವನ ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತು ನೋಡಿದಳು. ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು. ಗೊತ್ತಾಗಿದೆ ಎಂದು ಅವಳಿಗೂ ಗೊತ್ತಾಯಿತು.

"ಹೂವಿನ ಕೆಲಸ ಎಲ್ಲಿಗೆ ಬಂತು?" ಎಂದ, ಏನಾದರೂ ಕೇಳಬೇಕಲ್ಲ ಎಂದು.

"ಹದಿನಾರು ಎಸಳಲ್ಲಿ ಹನ್ನೆರಡು ಆಗಿದೆ. ಉಳಿದ ನಾಲ್ಕು ಈ ಕೈ ಬರೋವರೆಗೆ ಕಾಯ್ತಾರಂತೆ. ಎಸಳಿನ ಅಂಚು ಇನ್ನೂ ಹಸಿ ಇರೋವಾಗ್ಲೇ ಮಣಿಕಟ್ಟು ತಿರುಗಿಸಿ ತೀಡ್ಬೇಕು. ಅದು ಬೇರೆಯವರ ಕೈಯಲ್ಲಿ ಆಗಲ್ಲ." ಅವಳು ಧ್ವನಿ ತಗ್ಗಿಸಿದಳು. "ನನಗೆ ಬರೋದು ಇದೊಂದೇ ಕೆಲಸ. ಅಪ್ಪ ಕಲಿಸಿದ್ದು."

"ಕೈ ಬರುತ್ತೆ. ನಾನಿದ್ದೀನಲ್ಲ."

ಹೇಳಿದ ಮೇಲೆ ಆ ಮಾತು ತಾನೆಣಿಸಿದ್ದಕ್ಕಿಂತ ದೊಡ್ಡದಾಯಿತೆಂದು ಅವನಿಗೆ ಅನ್ನಿಸಿತು. ಅವಳ ಕಿವಿ ಕೆಂಪಾಯಿತು.

ಎಂಟು ನಿಮಿಷ ಕಳೆಯಿತು. ಪ್ಲಾಸ್ಟರ್ ಇನ್ನೂ ಬೆಣ್ಣೆಯಂತಿತ್ತು. ಹತ್ತಾಯಿತು. ಹದಿಮೂರಾಯಿತು. ಅವನಿಗೆ ಅಚ್ಚರಿ. ತಣ್ಣೀರಿಗೆ ಇಷ್ಟೊಂದು ತಡವೇ? ಆದರೆ ಬೆರಳ ಕೆಳಗೆ ಅವಳ ನಾಡಿ ಬಡಿಯುತ್ತಿತ್ತು. ಕಿಟಕಿಯಿಂದ ಬಂದ ಬೆಳಕು ಅವಳ ಮೊಣಕೈ ಮೇಲೆ ಬಿದ್ದಿತ್ತು. ಜಗತ್ತಿನ ಎಲ್ಲ ಗಡಿಯಾರವೂ ತನ್ನ ಸಲುವಾಗಿ ನಿಂತಿದೆ ಎನ್ನಿಸಿ, ಯಾಕೆ ಎಂದು ಕೇಳುವ ಬುದ್ಧಿ ಅವನಿಗೆ ಬರಲಿಲ್ಲ.

ಬೆಂಚಿನ ಮೇಲೆ ಚಿಕ್ಕಮ್ಮ ಕಾಫಿ ಕುಡಿದು ಮುಖ ಹಿಂಡಿದರು. "ಥೂ, ಕಹಿ! ಸಕ್ಕರೆ ಪೊಟ್ಟಣ ತಂದಿದ್ನಲ್ಲ, ಎಲ್ಲಿ ಹೋಯ್ತು? ಏನಪ್ಪಾ, ನಿನಗೆ ಮೂರು ನಿಮಿಷ ಅಂತ ಹೆಸರಿಟ್ಟೋರಿಗೆ ಗಡಿಯಾರ ನೋಡೋಕೆ ಬರ್ತಿತ್ತಾ? ನಾನು ಊರಿಗೆ ಹೋಗಿ ಬಟ್ಟೆ ಒಗೆದು ಬರ್ಲಾ?"

ಅವಳು ಫಕ್ಕನೆ ನಕ್ಕುಬಿಟ್ಟಳು. ಅವನೂ ನಕ್ಕ. ನಗುವಿಗೆ ಅವಳ ಕೈ ಅಲುಗಿತು. ಒದ್ದೆ ಪ್ಲಾಸ್ಟರಿನೊಳಗೆ ಏನೋ ಒಂದಿಷ್ಟು ಸರಿದ ಹಾಗಾಯಿತು. "ಅಯ್ಯೋ, ನೋವಾಯ್ತಾ?" ಎಂದ. "ಇಲ್ಲ, ಇಲ್ಲ" ಎಂದಳು. ಅವನು ಮತ್ತೆ ಒತ್ತಿ ಹಿಡಿದ. ಇಪ್ಪತ್ತೆರಡನೆಯ ನಿಮಿಷಕ್ಕೆ ಅದು ಒಂದು ತರಹ ಗಟ್ಟಿಯಾಯಿತು. ಅವಳು ಬಾಗಿಲಲ್ಲಿ ತಿರುಗಿ ನೋಡಿದಳು. ಆ ನೋಟವನ್ನು ಅವನು ವಾರವಿಡೀ ಎದೆಯಲ್ಲಿಟ್ಟುಕೊಂಡು ಓಡಾಡಿದ.

*

ಮೂರನೆಯ ಮಂಗಳವಾರ ಡಾಕ್ಟರ್ ತಮ್ಮ ರೂಮಿನಲ್ಲಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಜಾರಿದೆ," ಎಂದರು.

ಅವನು ಹತ್ತಿರ ಬಂದು ಬಗ್ಗಿ ನೋಡಿದ.

"ಇವತ್ತೇ ಬಿಚ್ಚಿ ಮತ್ತೆ ಕೂರಿಸ್ಬೇಕು. ಇನ್ನೊಂದು ಸಲ ಜಾರಿದ್ರೆ ಆಪರೇಷನ್, ಒಳಗೆ ಪ್ಲೇಟು. ಆಮೇಲೂ ಆ ಕೈ ಮೊದಲಿನ ಹಾಗೆ ತಿರುಗುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ." ಡಾಕ್ಟರ್ ಅವಳ ಪ್ಲಾಸ್ಟರಿನ ಅಂಚಿನಿಂದ ಕಿತ್ತು ತಂದಿದ್ದ ಚೂರನ್ನು ಉಗುರಿನಿಂದ ಕೆರೆದರು. ಅದು ಪುಡಿಪುಡಿಯಾಗಿ ಉದುರಿತು. "ಇದು ನಿಮ್ಮ ಕೆಲಸ ಅಂದ್ರೆ ನಂಬೋಕೇ ಆಗ್ತಿಲ್ಲ."

ಸುಳ್ಳು ಹೇಳುವುದು ಸುಲಭವಿತ್ತು. ಪಟ್ಟಿ ಹಳೆಯದಿತ್ತು ಎಂದರೆ ಮುಗಿಯುತ್ತಿತ್ತು. ಆದರೆ ಅವನ ಕಣ್ಣ ಮುಂದೆ ನಿಂತದ್ದು ಕೆಲಸವೂ ಅಲ್ಲ, ಮರ್ಯಾದೆಯೂ ಅಲ್ಲ, ಚಾವಣಿಯ ಆ ನಾಲ್ಕು ಖಾಲಿ ಎಸಳು.

"ಮೇಡಂ, ತಪ್ಪು ನನ್ನದು. ನಾನು ಬೇಕಂತಲೇ ತಣ್ಣೀರು ಹಾಕಿದ್ದೆ."

"ಯಾಕೆ?"

ಅವನು ನೆಲ ನೋಡಿದ. "ಇನ್ನೊಂದು ಐದು ನಿಮಿಷ ಆ ಕೈ ಹಿಡ್ಕೊಂಡಿರೋಣ ಅಂತ."

ಡಾಕ್ಟರ್ ಕನ್ನಡಕ ತೆಗೆದು ಒರೆಸಿದರು. ಬೈಗುಳ ಬರುತ್ತದೆ ಎಂದು ಅವನು ತಲೆ ತಗ್ಗಿಸಿ ಕಾದ. ಬೈಗುಳಕ್ಕಿಂತ ಕೆಟ್ಟದ್ದು ಬಂತು. "ಇದನ್ನ ನನಗಲ್ಲ, ಅವಳಿಗೆ ಹೇಳಿ. ಕೈ ಅವಳದು. ಕೇಳಿದ ಮೇಲೂ ನೀವೇ ಹಾಕ್ಬೇಕು ಅಂದ್ರೆ ಹಾಕಿ. ಬೇಡ ಅಂದ್ರೆ ಬೇರೆಯವರನ್ನ ಕರೆಸ್ತೀನಿ. ಆಮೇಲೆ ನೀವು ನಾನು ಮಾತಾಡೋದಿದೆ."

ಪ್ಲಾಸ್ಟರ್ ರೂಮಿಗೆ ಹನ್ನೆರಡು ಹೆಜ್ಜೆ. ಅಷ್ಟು ಉದ್ದದ ಹಾದಿಯನ್ನು ಅವನು ಜನ್ಮದಲ್ಲಿ ನಡೆದಿರಲಿಲ್ಲ.

ಅವಳು ಎಂದಿನ ಕುರ್ಚಿಯಲ್ಲಿ ಕೂತಿದ್ದಳು. ಅವನನ್ನು ಕಂಡ ಕೂಡಲೇ ಎಡಗೆನ್ನೆಯಲ್ಲಿ ಗುಳಿ ಬಿತ್ತು. ಅವನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ. ಮೂಳೆ ಜಾರಿದ್ದು, ಆಪರೇಷನ್ನಿನ ಮಾತು, ತಣ್ಣೀರಿನ ನಲ್ಲಿ, ಐದು ನಿಮಿಷದ ಆಸೆ. ಒಂದನ್ನೂ ಬಿಡಲಿಲ್ಲ. ಬೆಂಚಿನ ಮೇಲೆ ಚಿಕ್ಕಮ್ಮ ಇದ್ದಾರೆಂದು ನೆನಪಾದರೂ ನಿಲ್ಲಿಸಲಿಲ್ಲ.

ಅವಳ ಮುಖ ಬಿಳಿಚಿಕೊಂಡಿತು. ಮುಗಿಯಿತು, ಎಂದುಕೊಂಡ ಅವನು. ಇನ್ನು ಇವಳು ನನ್ನ ಮುಖ ನೋಡುವುದಿಲ್ಲ.

"ತಣ್ಣೀರಾದ್ರೆ ಎಂಟು ನಿಮಿಷ," ಎಂದಳು ಅವಳು ಕೊನೆಗೆ. "ಇಪ್ಪತ್ತೆರಡು ಆಗಲ್ಲ."

"ಅದೇ ನನಗೂ ಅರ್ಥ ಆಗಿಲ್ಲ."

"ಸಕ್ಕರೆ ಬಿದ್ರೆ ಆಗುತ್ತೆ." ಅವಳ ಕಣ್ಣಿಂದ ನೀರು ಇಳಿಯಿತು. "ದೊಡ್ಡ ಅಚ್ಚು ಹೊಯ್ಯೋವಾಗ ಟೈಮ್ ಬೇಕು ಅಂದ್ರೆ ನಾವು ನೀರಿಗೆ ಚಿಟಿಕೆ ಸಕ್ಕರೆ ಹಾಕ್ತೀವಿ. ಪುಡಿ ಕಲ್ಲಾಗೋದು ತಡ ಆಗುತ್ತೆ. ನೀವು ಹತ್ತಿ ತರೋಕೆ ಹೋದಾಗ ನಾನು ಬಕೆಟ್ಟಿಗೆ ಎರಡು ಪೊಟ್ಟಣ ಸುರಿದೆ. ನೀರು ಬೆಚ್ಚಗಿದೆ ಅಂತ್ಲೇ ಅಂದ್ಕೊಂಡಿದ್ದೆ. ಮೂರು ನಿಮಿಷಕ್ಕೆ 'ಮುಂದಿನವರು' ಅಂದುಬಿಡ್ತೀರಲ್ಲ ನೀವು! ಇನ್ನೊಂದಿಷ್ಟು ಹೊತ್ತು..." ಮಾತು ಮುಗಿಸಲಾಗಲಿಲ್ಲ.

ಅವನು ತಣ್ಣೀರು ಬಿಟ್ಟದ್ದು ಅವಳಿಗೆ ಗೊತ್ತಿಲ್ಲ. ಅವಳು ಸಕ್ಕರೆ ಸುರಿದದ್ದು ಅವನಿಗೆ ಗೊತ್ತಿಲ್ಲ. ಇಬ್ಬರೂ ಒಂದೇ ಬಕೆಟ್ಟಿನಲ್ಲಿ, ಒಂದೇ ಆಸೆಗೆ, ಬೇರೆ ಬೇರೆಯಾಗಿ ಕೈಯಾಡಿಸಿದ್ದರು. ಅವನಿಗೆ ಹೆದರಿಕೆಯ ನಡುವೆಯೂ ಅದೆಂಥ ಬೆರಗು! ಇವಳಿಗೂ. ಇವಳಿಗೂ ಅದೇ ಬೇಕಿತ್ತು.

ಮೊದಲು ಮಾತಾಡಿದ್ದು ಚಿಕ್ಕಮ್ಮ. "ಅಲ್ರೋ, ಬಾಯಿ ಅನ್ನೋದು ಒಂದು ಕೊಟ್ಟಿದ್ದಾನಲ್ಲ ದೇವರು! ಇಷ್ಟ ಇದೆ ಅಂತ ಒಂದು ಮಾತು ಹೇಳೋಕಾಗ್ದೆ ಇಬ್ರೂ ಸೇರಿ ಕೂತಿದ್ದ ಮೂಳೆ ಜಾರಿಸಿದ್ರಲ್ಲೋ! ನನ್ನ ಕಾಫಿ ಸಕ್ಕರೇನೂ ಹೋಯ್ತು!" ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ.

"ಬೇರೆಯವರನ್ನ ಕರೆಸ್ಲಾ?" ಎಂದ ಅವನು ಮೆಲ್ಲಗೆ.

"ಬೇಡ. ನೀವೇ." ಅವಳು ಮೂಗೆಳೆದುಕೊಂಡು ನೆಟ್ಟಗೆ ಕೂತಳು. ಆ ಕ್ಷಣ ಅವಳು ಅಳುವ ಹುಡುಗಿಯಲ್ಲ, ಕೆಲಸ ಬಲ್ಲ ಮೇಸ್ತ್ರಿ. "ಬಕೆಟ್ ಉಜ್ಜಿ ತೊಳೀರಿ. ನೀರು ಬೆಚ್ಚಗಿರಲಿ. ತುಂಬಾ ಬಿಸಿ ಬೇಡ, ಚರ್ಮ ಸುಟ್ಟೋಗುತ್ತೆ. ಮೊಣಕೈ ಅದ್ದಿದ್ರೆ ಹಿತ ಅನ್ನಿಸ್ಬೇಕು."

"ಉಪ್ಪು?" ಎಂದ. ಉಪ್ಪು ಬೇಗ ಬಿಗಿಸುತ್ತದೆಂದು ಎಲ್ಲೋ ಕೇಳಿದ್ದ.

"ಸಾಕು ನಮ್ಮಿಬ್ಬರ ಅಡುಗೆ. ಬರೀ ನೀರು. ಪಟ್ಟಿ ಹೊಸ ಡಬ್ಬಿಯದು ತಗೊಳ್ಳಿ, ಚೆನ್ನಾಗಿ ಹಿಂಡಿ."

ಡಾಕ್ಟರ್ ಬಂದರು. ಹಳೆಯ ಪ್ಲಾಸ್ಟರ್ ಬಿಚ್ಚಿಸಿ ಇಂಜೆಕ್ಷನ್ ಕೊಟ್ಟರು. ಕೈ ಎಳೆದು ಒತ್ತಿದಾಗ ಅವಳು ಹಲ್ಲು ಕಚ್ಚಿದಳು. ಎಡಗೈ ಚಿಕ್ಕಮ್ಮನ ಕೈಯಲ್ಲಿತ್ತು. "ಹಿಡೀರಿ," ಎಂದರು ಡಾಕ್ಟರ್.

ಅವನು ಹಿಡಿದ. ಹೆಬ್ಬೆರಳ ಬುಡ ಒಂದು ಕಡೆ, ಅಂಗೈ ಇನ್ನೊಂದು ಕಡೆ, ಮೂಳೆ ಎಲ್ಲಿ ಜಾರಲು ನೋಡುತ್ತದೋ ಅಲ್ಲಿ. ಅವಳ ಮುಖ ನೋಡಲಿಲ್ಲ. ನಾಡಿ ಎಣಿಸಲಿಲ್ಲ. ಇಡೀ ಜೀವವನ್ನು ಅಂಗೈಗೆ ತಂದು ನಿಲ್ಲಿಸಿದ.

ಮೊದಲು ಒದ್ದೆ ಮೆತ್ತು. ಆಮೇಲೆ ಒಳಗೆಲ್ಲೋ ಕಾಣದ ಹರಳಿನ ಸೂಜಿಗಳು ಒಂದಕ್ಕೊಂದು ಹೆಣೆದುಕೊಳ್ಳಲು ಶುರುವಾದವು. ಹೊಳಪು ಆರಿತು. ಬಿಸಿ ಬಂತು. ಅಂದು ಬಂದ ಅದೇ ಒಲೆಯ ಬಿಸಿ. ಆದರೆ ಇವತ್ತು ತೀರ ನೆಟ್ಟಗೆ, ತಡವಿಲ್ಲದೆ, ಹೇಳಬೇಕಾದ್ದನ್ನು ಹೇಳಿಬಿಟ್ಟ ಹಾಗೆ ಬಂತು. ನೀರು, ಪುಡಿ, ಬಿಸಿ ಇವು ಯಾರ ಆಸೆಯನ್ನೂ ಕೇಳುವುದಿಲ್ಲ. ಸರಿಯಾಗಿ ಕೊಟ್ಟರೆ ಸರಿಯಾಗಿ ಮಾಡಿಕೊಡುತ್ತವೆ. ಇಷ್ಟು ಪ್ರಾಮಾಣಿಕವಾದದ್ದು ಜಗತ್ತಿನಲ್ಲಿದೆ ಎಂಬುದೇ ಅವನಿಗೆ ದೊಡ್ಡ ವಿಸ್ಮಯವಾಯಿತು.

ಎರಡು ನಿಮಿಷ ಐವತ್ತು ಸೆಕೆಂಡು. ಉಗುರಿನಿಂದ ತಟ್ಟಿದ. ಟಕ್ ಎಂದಿತು.

ಅವನು ಕೈ ಬಿಟ್ಟ. ಹದಿನಾಲ್ಕು ವರ್ಷದಲ್ಲಿ ಯಾವ ಕೈ ಬಿಡುವಾಗಲೂ ಇಷ್ಟು ಕಷ್ಟವಾಗಿರಲಿಲ್ಲ.

ಎಕ್ಸ್‌ರೇಯಲ್ಲಿ ಮೂಳೆ ನೆಟ್ಟಗೆ ಕೂತಿತ್ತು. ಡಾಕ್ಟರ್ ಹೊರಡುವ ಮೊದಲು ಅವನಿಗೆ, "ಇವತ್ತಿಂದ ನೀರಿನ ಬಿಸಿ ಬರೆದಿಡೋಕೆ ಒಂದು ಪುಸ್ತಕ ಇಡಿ. ದಿನಾ ನಾನೇ ನೋಡ್ತೀನಿ," ಎಂದರು. ಅದು ಶಿಕ್ಷೆ. ಅಷ್ಟಕ್ಕೇ ಮುಗಿಸಿದರಲ್ಲ ಎಂದು ಅವನು ಕೈ ಮುಗಿದ.

ಚಿಕ್ಕಮ್ಮ ಔಷಧಿ ತರುವ ನೆಪ ಮಾಡಿ ಎದ್ದು ಹೋದರು. ಅವಳು ಎಡಗೈಯನ್ನು ಮೇಜಿನ ಮೇಲಿಟ್ಟಳು. ಅದಕ್ಕೆ ಪ್ಲಾಸ್ಟರ್ ಇರಲಿಲ್ಲ.

"ಇದನ್ನ ಹಿಡ್ಕೊಳ್ಳೋಕೆ ಯಾವ ನೀರೂ ಬೇಡ," ಎಂದಳು.

ಅವನ ಕೈ ಅರ್ಧದವರೆಗೆ ಹೋಗಿ ನಿಂತಿತು. "ಈಗ ಬೇಡ. ನಿಮ್ಮನ್ನ ಒಂದು ಮಾತು ಕೇಳೋದಿದೆ. ಏನು ಅಂತ ನಿಮಗೂ ಗೊತ್ತು. ಆದ್ರೆ ಈ ಕೈ ಸರಿಹೋಗಿದೆ ಅಂತ ಕಣ್ಣಾರೆ ನೋಡೋವರೆಗೆ ನನಗೆ ಬಾಯಿ ಬರಲ್ಲ."

"ಸರಿಹೋಗ್ದೇ ಇದ್ರೆ?"

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಅವಳಿಗೆ ಸಿಟ್ಟು ಬಂತು. ಆಮೇಲೆ ಅವನ ಮುಖ ನೋಡಿ ಸಿಟ್ಟು ಇಳಿಯಿತು. "ಆಯ್ತು. ಪ್ಲಾಸ್ಟರ್ ಬಿಚ್ಚೋಕೆ ಆರು ವಾರ. ಒಂದು ದಿನ ಹೆಚ್ಚು ಮಾಡಿದ್ರೂ ನಾನೇ ಕೇಳಿಬಿಡ್ತೀನಿ, ಹುಷಾರ್."

*

ಪ್ಲಾಸ್ಟರನ್ನು ಅವಸರಪಡಿಸಬಹುದು, ತಡೆಯಬಹುದು. ಮೂಳೆಯನ್ನು ಏನೂ ಮಾಡಲಾಗುವುದಿಲ್ಲ. ಬಿಸಿನೀರಿಗೂ ಜಗ್ಗುವುದಿಲ್ಲ, ಸಕ್ಕರೆಗೂ ಒಲಿಯುವುದಿಲ್ಲ. ಅದು ತನ್ನ ಕತ್ತಲೆಯಲ್ಲಿ ತನ್ನ ಪಾಡಿಗೆ ಕೆಲಸ ಮಾಡುತ್ತದೆ.

ಪ್ರತಿ ಮಂಗಳವಾರ ಇಬ್ಬರೂ ಎಕ್ಸ್‌ರೇಯ ಮುಂದೆ ನಿಂತು ನೋಡುತ್ತಿದ್ದರು. ಮೊದಲು ಬರೀ ಕಪ್ಪು ಗೆರೆ. ಮೂರನೆಯ ವಾರ ಗೆರೆಯ ಅಂಚಿನಲ್ಲಿ ಏನೋ ಮಸುಕು, ಮಂಜು ಕವಿದ ಹಾಗೆ. "ಇದು ಹೊಸ ಮೂಳೆ," ಎಂದರು ಡಾಕ್ಟರ್. ಎಷ್ಟೋ ಕಲ್ಲಿನ ಹೂವು ಮಾಡಿದ್ದವಳು ತನ್ನೊಳಗೇ ಒಂದು ತಾನಾಗಿ ಕಟ್ಟಿಕೊಳ್ಳುತ್ತಿರುವುದನ್ನು ನೋಡುತ್ತಿದ್ದಳು. "ಯಾರು ಮಾಡ್ತಿದ್ದಾರೆ ಇದನ್ನ?" ಎಂದಳು ಪಿಸುಮಾತಿನಲ್ಲಿ. ಇಬ್ಬರೂ ಆ ಮಸುಕನ್ನೇ ನೋಡುತ್ತ ನಿಂತರು.

ಆಮೇಲೆ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಮಧ್ಯೆ ಚಿಕ್ಕಮ್ಮನ ಚೀಲ ಇರುತ್ತಿತ್ತು. ಒಮ್ಮೆ ಅವಳು ಚೀಲವನ್ನು ಎತ್ತಿ ಆಚೆ ಇಟ್ಟಳು. ಮುಂದಿನ ವಾರ ಅವನೇ ಇಟ್ಟ.

ಆರನೆಯ ವಾರ ಅವನು ಪ್ಲಾಸ್ಟರ್ ಕತ್ತರಿಸಿ ತೆಗೆದ. ಎರಡು ಹೋಳಾಗಿ ಬಿಚ್ಚಿಕೊಂಡಿತು. ಒಳಗಿದ್ದ ಕೈ ಬಡಕಲಾಗಿತ್ತು, ಚರ್ಮ ಒಣಗಿ ಪದರು ಏಳುತ್ತಿತ್ತು. ಅವಳು ಅದನ್ನು ಬೇರೆ ಯಾರದ್ದೋ ಕೈಯೆಂಬಂತೆ ನೋಡಿದಳು.

"ಅಂಗೈ ಕೆಳಗಿದೆ. ಮೇಲೆ ಮಾಡಿ ನೋಡೋಣ," ಎಂದರು ಡಾಕ್ಟರ್.

ಮಣಿಕಟ್ಟು ಕದಲಿತು. ಕಾಲು ಭಾಗ ತಿರುಗಿ ನಡುಗಿತು. ಅವಳ ಹಣೆಯಲ್ಲಿ ಬೆವರು. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಿದ್ದರು. ಅವನು ಮೇಜಿನ ಆಚೆ ನಿಂತು ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿದ್ದ. ಅರ್ಧ ತಿರುಗಿತು. ನಿಂತಿತು.

"ಸಾಕು. ಮೊದಲ ದಿನಕ್ಕೆ ಇಷ್ಟೇ ಹೆಚ್ಚು. ಉಳಿದದ್ದು ವ್ಯಾಯಾಮ ಮಾಡ್ತಾ ಮಾಡ್ತಾ ಬರುತ್ತೆ."

"ಇಲ್ಲ," ಎಂದಳು ಅವಳು. "ಇನ್ನೊಂದು ಸ್ವಲ್ಪ."

ಕೈ ಕೂದಲೆಳೆಯಷ್ಟು ಕದಲಿತು. ಮತ್ತೆ ಅಷ್ಟು. ಮತ್ತೆ ಅಷ್ಟು. ಕೊನೆಗೆ ಆ ಅಂಗೈ ಪೂರ್ತಿ ಮೇಲಾಗಿ, ತೆರೆದುಕೊಂಡು, ಅವನ ಮುಂದೆ ಮೇಜಿನ ಮೇಲೆ ನಿಂತಿತು.

"ನೋಡಿದ್ರಾ ಕಣ್ಣಾರೆ?" ಎಂದಳು, ಏದುಸಿರು ಬಿಡುತ್ತ. "ಈಗ ಕೇಳಿ."

"ನನ್ನನ್ನ ಮದುವೆ ಆಗ್ತೀರಾ?" ಎಂದ ಅವನು. ಆರು ವಾರ ಎಷ್ಟೋ ಚೆಂದದ ಮಾತು ಜೋಡಿಸಿಟ್ಟುಕೊಂಡಿದ್ದ. ಒಂದೂ ನೆನಪಿಗೆ ಬರಲಿಲ್ಲ.

"ಆಗ್ತೀನಿ."

ಅವನು ಆ ಅಂಗೈಯಲ್ಲಿ ತನ್ನ ಕೈ ಇಟ್ಟ. ಅವಳ ಬೆರಳು ಒಂದೊಂದಾಗಿ ಮಡಚಿಕೊಂಡವು. ಕಿರುಬೆರಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹಿಡಿತದಲ್ಲಿ ಬಲವೇ ಇರಲಿಲ್ಲ, ಒಂದು ಕಾಗದ ಕೂಡ ಜಾರಿ ಬೀಳುವಷ್ಟು ಸಡಿಲ.

"ಬಲ ಬರುತ್ತೆ ಬಿಡಿ," ಎಂದರು ಡಾಕ್ಟರ್, ಬಾಗಿಲು ಎಳೆದುಕೊಂಡು ಹೊರಗೆ ಹೋಗುತ್ತ. "ದಿನಾ ಹೀಗೇ ಹಿಡ್ಕೊಳ್ಳಿ."